ಐಡ್ಲಿಂಗ್ ನಿಲ್ಲದ ಗಾಡಿ

ಮೊನ್ನೆ ಶನಿವಾರ ಕಾರಿನ ಆಯಿಲ್ ಬದಲಾಯಿಸೋಕೆ ಅಂತ ಅಲ್ ಮಬೇಲಾದ ಸನಾಯ್ಯಾಗೆ ಹೋಗಿದ್ದೆ. ಸನಾಯ್ಯಾ ಅಂದ್ರೆ ಇಲ್ಲಿಯ ಇಂಡಸ್ಟ್ರಿಯಲ್ ಏರಿಯಾ. ಗ್ಯಾರೇಜಿನಲ್ಲಿ ಒಂದು ಹಳೇ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40 ನಿಂತಿತ್ತು. ಎಕ್ಸಲೇಟರ್ ಒತ್ತಿದರೆ ಎಂಜಿನ್ ಸಲೀಸು. ಕಾಲು ತೆಗೆದ ಕೂಡಲೇ ಮೈಯೆಲ್ಲ ಅದುರಿ, ಎರಡು ಸಲ ಕೆಮ್ಮಿ.. ಆಫ್! ಆ ಸದ್ದಿಗೆ ನಾನು ಅಲ್ಲೇ ನಿಂತುಬಿಟ್ಟೆ. ಅದು ನಮ್ಮನೆ ಪದ್ಮಿನಿಯ ಸದ್ದು.

ಇಟಲಿಯ ಫಿಯಟ್ 1100 ಕಾರನ್ನು ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ನಮ್ಮಲ್ಲಿ ತಯಾರಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರಾಯ್ತು. 1089 ಸಿಸಿ ಎಂಜಿನ್, ಒಂದು ಕಾರ್ಬೊರೇಟರ್. ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದ ಆ ಗಾಡಿ ಕೊನೆಕೊನೆಗೆ ಸಿಗ್ನಲ್ಲಿನಲ್ಲೆಲ್ಲ ನಿಂತುಹೋಗ್ತಿತ್ತು. ಬಂದ ಮೆಕ್ಯಾನಿಕ್ಕುಗಳೆಲ್ಲ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿದ್ದೇ ತಿರುಗಿಸಿದ್ದು. ಬೇಸತ್ತ ಅಪ್ಪ 2005ರಲ್ಲಿ ಸಿಕ್ಕಿದ ರೇಟಿಗೆ ಮಾರಿಬಿಟ್ಟರು.

ಈ ರೋಗ ಐಡ್ಲಿಂಗ್‌ನಲ್ಲಿ ಮಾತ್ರ ಯಾಕೆ ಕಾಣಿಸುತ್ತೆ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1893ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕ್, ಅದೇ ವರ್ಷ ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಷ್ ಚೊಂಕಾ ಪೆಟ್ರೋಲನ್ನು ಗಾಳಿಯಲ್ಲಿ ಸಿಂಪಡಿಸೋ ಕಾರ್ಬೊರೇಟರ್ ಮಾಡಿದರು. ಕಿರಿದಾದ ಕೊಳವೆಯಲ್ಲಿ ಗಾಳಿ ಜೋರಾಗಿ ನುಗ್ಗಿದಾಗ ಒತ್ತಡ ಇಳಿಯುತ್ತೆ, ಜೆಟ್‌ನಿಂದ ಪೆಟ್ರೋಲು ಮೇಲೆ ಬರುತ್ತೆ. ಆದರೆ ಕಾಲು ತೆಗೆದಾಗ ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚೇ ಇರುತ್ತಲ್ಲ, ಆಗ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ಆಮೇಲಿನವರು ಥ್ರಾಟಲಿನ ಕೆಳಗೆ ಒಂದು ಸಣ್ಣ ತೂತು, ಅದಕ್ಕೊಂದು ಸೂಜಿಯಂಥ ಜೆಟ್ಟು, ಒಂದು ಸ್ಕ್ರೂ ಇಟ್ಟರು. ಐಡ್ಲಿಂಗ್ ನಿಂತಿರೋದೇ ಇದರ ಮೇಲೆ. ಜೆಟ್ಟಿನಲ್ಲಿ ಒಂದು ಕಣ ಕಸ ಕೂತರೆ ಸಾಕು, ಕೆಟ್ಟಿತು. ಬೇರೆಲ್ಲಿಂದಲೋ ಗಾಳಿ ಒಳಗೆ ಹೋದರೂ ಅಷ್ಟೇ. ಸ್ಪೀಡಿನಲ್ಲಿ ಆ ಕಳ್ಳಗಾಳಿ ಲೆಕ್ಕಕ್ಕೇ ಇಲ್ಲ, ಐಡ್ಲಿಂಗ್‌ನಲ್ಲಿ ಅದೇ ದೊಡ್ಡದು.

ಮೆಕ್ಯಾನಿಕ್ ಕುಂದಾಪುರದ ಕಡೆಯವರು, ಅರವತ್ತರ ಹತ್ತಿರ ಇರಬೇಕು. ಮೊದಲು ಪ್ಲಗ್ ಬಿಚ್ಚಿ ನೋಡಿದರು. ಆಮೇಲೆ ಪಾಯಿಂಟ್ ಗ್ಯಾಪು, ಆಮೇಲೆ ಐಡಲ್ ಜೆಟ್ಟು ತೆಗೆದು ಗಾಳಿ ಹೊಡೆದರು. ಊಹೂಂ.

"ಅಣ್ಣ, ಸ್ಕ್ರೂ ಸ್ವಲ್ಪ ತಿರುಗಿಸಿದ್ರೆ?" ಅಂದೆ.

"ಹ್ವಾಯ್, ಸ್ಕ್ರೂ ಕಡೀಗ್ ಮಾರಾಯ್ರೇ" ಅಂತ ನಕ್ಕು, ಎಂಜಿನ್ ಹೇಗೋ ಚಾಲೂ ಇಟ್ಟುಕೊಂಡು, ಕಾರ್ಬೊರೇಟರ್ ಬುಡಕ್ಕೆ, ಮ್ಯಾನಿಫೋಲ್ಡಿನ ಸಂದಿಗೆ ಕ್ಲೀನರ್ ಸ್ಪ್ರೇ ಒಂಚೂರು ಒಂಚೂರೇ ಹೊಡೆಯುತ್ತ ಬಂದರು. (ಬಿಸಿ ಎಂಜಿನ್, ಬೆಂಕಿ ಹತ್ತುತ್ತೆ, ನೀವು ಮಾಡಬೇಡಿ.) ಒಂದು ರಬ್ಬರ್ ಪೈಪಿನ ಹತ್ತಿರ ಬಂದಾಗ ಎಂಜಿನ್ ತಟ್ಟನೆ ಮೇಲೇರಿತು. "ಇಲ್ಲೇ ಗಾಳಿ ಒಳ್ಗ್ ಹೋತಾ ಇತ್ತ್ ಕಾಣಿ." ಬಿಸಿಲಿಗೆ ಒಣಗಿ ಬಿರಿದಿದ್ದ ಪೈಪು. ಬದಲಾಯಿಸಿ, ಕೊನೆಗೆ ಸ್ಕ್ರೂ ಅರ್ಧ ಸುತ್ತು.. ಆರು ಸಿಲಿಂಡರೂ ಗುರ್ ಅಂತ ಒಂದೇ ಸಮ!

ನಮ್ಮ ಕೆಲಸದಲ್ಲೂ ಇದೇ ಪಾಠ. ಒಂದೊಂದೇ ಬದಲಾಯಿಸಿ ನೋಡಬೇಕು. ಅಪ್ಪನ ಮೆಕ್ಯಾನಿಕ್ಕುಗಳು ಕೊನೆಯದನ್ನು ಮೊದಲು ಮಾಡಿದರು.

1970ರಲ್ಲಿ ಇಡೀ ಒಮಾನಿನಲ್ಲಿ ಡಾಂಬರು ರಸ್ತೆ ಇದ್ದದ್ದು ಸುಮಾರು 10 ಕಿಲೋಮೀಟರ್. ಅಂಥ ನಾಡಿನಲ್ಲಿ ಕಿವಿಯೇ ಮೀಟರು, ಸ್ಕ್ರೂಡ್ರೈವರೇ ಕಂಪ್ಯೂಟರು ಆಗಿರೋ ಗಾಡಿ ವರವೇ. ಕಾರ್ಬೊರೇಟರಿಗೆ ಕುತ್ತು ಬಂದದ್ದು ಹೊಗೆಯಿಂದ. ಹೊಗೆ ಶುದ್ಧ ಮಾಡೋ ಕನ್ವರ್ಟರಿಗೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದಲ್ಲಿ, ಕರಾರುವಾಕ್ಕಾಗಿ ಬೇಕು. ಸ್ಕ್ರೂಗೆ ಅದು ಸಾಧ್ಯವಿಲ್ಲ. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿಯಲ್ಲಿ ಯೂರೋ ನಿಯಮ ಬೇಗ ತರಬೇಕು ಅಂದಿತು. 2000ದಲ್ಲಿ ಮಾರುತಿ 800ಕ್ಕೂ ಎಂಪಿಎಫ್‌ಐ ಬಂತು. ಪದ್ಮಿನಿಯ ತಯಾರಿಕೆಯೂ ಆ ಹೊತ್ತಿಗೇ ಮುಗಿಯಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಒಳ್ಳೇದೇ ಆಯ್ತು, ಊರಿನ ಗಾಳಿಗಾದರೂ. ಆದರೆ ಆ ಕಿವಿಗಳು? ಅಣ್ಣನ ಕೈಕೆಳಗಿನ ಹುಡುಗ ಮೊದಲು ಸ್ಕ್ಯಾನರ್ ಹುಡುಕಿದ್ದ. ಈ ಗಾಡಿಗೆ ಅದನ್ನು ಚುಚ್ಚೋ ಜಾಗವೇ ಇಲ್ಲ!

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಮ್ಮ ಗಾಡಿಗೂ ಇದೇ ಆಗಿತ್ತು ಅಂತ ಆಣೆ ಮಾಡಿ ಹೇಳೋಕಾಗಲ್ಲ, ಆದರೆ ಸ್ಪೀಡಲ್ಲಿ ಸರಿಯಿದ್ದು ಸಿಗ್ನಲ್ಲಲ್ಲಿ ಮಾತ್ರ ನಿಲ್ತಿತ್ತು ಅಂದ್ರೆ.. ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ ಇದ್ದಿರಬಹುದು, ಬರೀ ಒಂದು ತುಂಡು ಕಾಗದ, ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಗಾಡೀದೇನೂ ತಪ್ಪಿರಲಿಲ್ಲ ಅನ್ನು" ಅಂದರು.