ಫ್ರಾನ್ಸಿನ ಬಳ್ಳಿ, ದೊಡ್ಡಬಳ್ಳಾಪುರದ ನೆಲ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟದವರಿಗೆ ದ್ರಾಕ್ಷಾರಸದ ಚರಿತ್ರೆ ಏಕೆ ಎಂದು ಕೇಳೀರಿ. ಕುಡಿಯಿರಿ ಅಂತ ಹೇಳುವುದಕ್ಕೆ ಖಂಡಿತ ಅಲ್ಲ. ಆ ಬಳ್ಳಿಗೂ ನಮ್ಮ ಅಡಿಕೆ ಮರಕ್ಕೂ ಹಳೆಯ ನಂಟಿದೆ, ಅದಕ್ಕೆ.

ಫ್ರಾನ್ಸ್ ದೇಶದ ಶಾಂಪೇನ್ ಸೀಮೆಯಲ್ಲಿ ಬೂಜಿ ಎಂಬ ಹಳ್ಳಿ. ನಮ್ಮ ಪೇಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮಾಲಿಗೆ ದರ್ಜೆ. ಅಲ್ಲಿ ಬಹುಕಾಲ ಊರಿಗೇ ದರ್ಜೆ ಇತ್ತು. ನೂರಕ್ಕೆ ಇಷ್ಟು ಎಂದು ಊರಿಗೆ ಅಂಕ ಕೊಟ್ಟು, ಅದರಂತೆ ಹಣ್ಣಿಗೆ ಬೆಲೆ ಕಟ್ಟುತ್ತಿದ್ದರು. ಬೂಜಿಗೆ ಪೂರಾ ನೂರು. ಆ ಹಣ್ಣಿನಿಂದ ನೊರೆಯುಕ್ಕುವ ವೈನ್ ಮಾಡುತ್ತಾರೆ. ಒಮ್ಮೆ ಹುದುಗಿದ ರಸಕ್ಕೆ ಮತ್ತೆ ಸ್ವಲ್ಪ ಸಕ್ಕರೆ, ಹುದುಗು ಸೇರಿಸಿ ಸೀಸೆಯ ಬಾಯಿ ಬಿಗಿಯುತ್ತಾರೆ. ಎರಡನೆಯ ಸಲ ಹುದುಗುವಾಗ ಹುಟ್ಟುವ ಗಾಳಿ ಹೊರಗೆ ಹೋಗಲಾರದೆ ರಸದಲ್ಲೇ ಕರಗಿ ನಿಲ್ಲುತ್ತದೆ. ಸೀಸೆಯೊಳಗಿನ ಒತ್ತಡ ಮೋಟಾರು ಕಾರಿನ ಚಕ್ರದ್ದಕ್ಕಿಂತ ಎರಡು ಮೂರು ಪಟ್ಟು!

ಬೂಜಿಯ ದ್ರಾಕ್ಷಿ ಮನೆತನದ ಜಾರ್ಜ್ ವೆಸೆಲ್ ಅವರು ಆ ಊರಿನ ಮೇಯರೂ ಆಗಿದ್ದವರು. ವ್ಯಾಪಾರಕ್ಕಾಗಿ ಫ್ರಾನ್ಸಿಗೆ ಹೋಗಿಬರುತ್ತಿದ್ದ ಕನ್ವಲ್ ಗ್ರೋವರ್ ಅವರು ಭಾರತದಲ್ಲಿ ಇಂಥ ತೋಟ ಆದೀತೇ ಎಂದು ವೆಸೆಲ್ ಅವರ ಸಲಹೆ ಕೇಳಿದರು. ಫ್ರಾನ್ಸಿನ 35 ತಳಿ ನೆಟ್ಟು ನೋಡಿ, ಒಂಬತ್ತನ್ನು ಮಾತ್ರ ಆರಿಸಿದರು. 1988ರಲ್ಲಿ ನಂದಿಬೆಟ್ಟದ ಹತ್ತಿರ, ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಮನೆತನದ ತೋಟ ನೆಲೆಯೂರಿತು. ಮೊದಲ ವೈನ್ ಬಂದದ್ದು 1992ರಲ್ಲಿ. ಅಡಿಕೆ ಸಸಿ ನೆಟ್ಟು ಫಸಲಿಗೆ ಕಾದವರಿಗೆ ಆ ಕಾಯುವಿಕೆಯ ಬಿಸಿ ಗೊತ್ತೇ ಇದೆ.

ಆ ಜಾಗವೇ ಏಕೆ? ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರ, ರಾತ್ರಿ ತಂಪು, ವರ್ಷಕ್ಕೆ ಸುಮಾರು 30 ಅಂಗುಲ ಮಳೆ. ಸುತ್ತಲ ರೈತರು ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಮೊದಲಿನಿಂದಲೇ ಬೆಳೆಯುತ್ತಿದ್ದರು. ಆದರೆ ಫ್ರಾನ್ಸಿನಲ್ಲಿ ಚಳಿಗೆ ಎಲೆಯುದುರಿ ಮಲಗುವ ಬಳ್ಳಿ ನಮ್ಮಲ್ಲಿ ಮಲಗುವುದೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಸವರಬೇಕು. ಕೊಯ್ಲಾದ ಮೇಲೆ ಒಮ್ಮೆ, ಮಳೆ ಹಿಂದಾಗುವ ಹೊತ್ತಿಗೆ ಇನ್ನೊಮ್ಮೆ. ಆಗ ಹಣ್ಣು ಒಣ ತಿಂಗಳುಗಳಲ್ಲಿ ಮಾಗುತ್ತದೆ.

2012ರಲ್ಲಿ ಈ ಸಂಸ್ಥೆ ನಾಸಿಕದ ಇನ್ನೊಂದು ಸಂಸ್ಥೆಯೊಡನೆ ಸೇರಿ ಗ್ರೋವರ್ ಝಂಪಾ ಆಯಿತು. ಝಂಪಾ ಸೊಯ್ರೆ ಎಂಬ ನೊರೆ ವೈನ್ ಆ ನಾಸಿಕದ ಕಡೆಯಿಂದ ಬಂದದ್ದು. ಒಂದೇ ಮನೆಯ ಯಜಮಾನಿಕೆ ಅಲ್ಲಿಗೆ ಮುಗಿಯಿತೆನ್ನಿ.

ಹಾಗಾದರೆ ನಮ್ಮ ಗುಡ್ಡದಲ್ಲೂ ನೆಡೋಣವೇ? ಬೇಡಿ. ಶೃಂಗೇರಿಯಲ್ಲಿ ವರ್ಷಕ್ಕೆ ನೂರು ಅಂಗುಲಕ್ಕೂ ಮೀರಿ ಮಳೆ. ತಿಂಗಳುಗಟ್ಟಲೆ ಎಲೆ ಒದ್ದೆಯಿದ್ದರೆ ದ್ರಾಕ್ಷಿಗೆ ಬೂಜುರೋಗ ತಪ್ಪಿದ್ದಲ್ಲ. ಈ ರೋಗದ ಜೀವಿಯೂ ಅಡಿಕೆಯ ಕೊಳೆರೋಗದ ಜೀವಿಯೂ ದಾಯಾದಿಗಳು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಕಳ್ಳರು ಹಣ್ಣು ಕೀಳದಿರಲೆಂದು ದಾರಿಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಯ ಎಲೆ ಉಳಿದದ್ದನ್ನು 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್‌ಮನ್ ಸಾಹೇಬರು ಅದೇ ದ್ರಾವಣವನ್ನು ಮಲೆನಾಡಿನ ಅಡಿಕೆಗೆ ತಂದರು. ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ನಮ್ಮ ಹಿರಿಯರಿಗೆ ಅದೆಷ್ಟು ಆಧಾರವಾಯಿತೋ!

ಮುಂಗಾರು ಹಿಡಿಯುವ ಮುಂಚೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರಿನ ಲೆಕ್ಕದಲ್ಲಿ ದ್ರಾವಣ ಮಾಡಿಕೊಂಡಾಗ ಚೊಕ್ಕ ಕಬ್ಬಿಣದ ಕತ್ತಿಯೊಂದನ್ನು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದು. ಇನ್ನಷ್ಟು ತಿಳಿ ಸುಣ್ಣದ ಹಾಲು ಬೆರೆಸಿಯೇ ಗೊನೆಗೆ ಹೊಡೆಯಿಸಿ.