ಬಿಳಿ ರಕ್ತದ ಕಥೆ: ಒಂದು ರೋಗದ ಕೊನೆಯ ಹಂತವನ್ನು ಗುರುತಿಸಿದ ಬಗೆ



ರಕ್ತದ ಕ್ಯಾನ್ಸರ್ ಎಂದೊಡನೆ ನಾವೆಲ್ಲ ಹೆದರುತ್ತೇವೆ. ಈ ರೋಗವನ್ನು ಮನುಷ್ಯನು ಹೇಗೆ ಗುರುತಿಸಿದನೆಂಬ ಇತಿಹಾಸವನ್ನು ತಿಳಿದರೆ ಭಯ ಕಡಿಮೆಯಾಗಿ ಎಚ್ಚರ ಹೆಚ್ಚುತ್ತದೆ.

1845ರಲ್ಲಿ ಎಡಿನ್‌ಬರೋದ ವೈದ್ಯ ಜಾನ್ ಹ್ಯೂಸ್ ಬೆನೆಟ್, ಗುಲ್ಮ ಊದಿ ಸತ್ತ ರೋಗಿಯೊಬ್ಬನ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ಕೀವು ತುಂಬಿದೆ ಎಂದು ಭಾವಿಸಿದರು. ಅದೇ ವರ್ಷ ಬರ್ಲಿನ್‌ನ ರುಡಾಲ್ಫ್ ವಿರ್ಚೋ, ಅದು ಕೀವಲ್ಲ, ಬಿಳಿ ಕಣಗಳೇ ಮಿತಿಮೀರಿವೆ ಎಂದರು. 1847ರಲ್ಲಿ ಅವರು ಇದನ್ನು 'ಲ್ಯುಕೇಮಿಯಾ' ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬಿಳಿ ರಕ್ತ.

ಆದರೆ ಎಣಿಕೆಯೊಂದೇ ಸಾಲದು. 1880ರ ಸುಮಾರಿಗೆ ಪಾಲ್ ಎರ್ಲಿಕ್ ರಕ್ತಕಣಗಳಿಗೆ ಬಣ್ಣ ಹಾಕುವ ವಿಧಾನ ಕಂಡುಹಿಡಿದ ಮೇಲೆ, ಬಲಿತ ಕಣ ಯಾವುದು, ಎಳೆಯ ಕಣ ಯಾವುದು ಎಂಬುದು ಕಾಣತೊಡಗಿತು. ಈ ಎಳೆಯ ಕಣಗಳೇ 'ಬ್ಲಾಸ್ಟ್'ಗಳು. ಆರೋಗ್ಯವಂತರ ರಕ್ತದಲ್ಲಿ ಇವು ಕಾಣಿಸುವುದಿಲ್ಲ.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಹಲವು ವರ್ಷ ಸದ್ದಿಲ್ಲದೆ ಇರಬಲ್ಲದು. ರಕ್ತದಲ್ಲಿ ಅಥವಾ ಮೂಳೆಮಜ್ಜೆಯಲ್ಲಿ ಬ್ಲಾಸ್ಟ್‌ಗಳು ಶೇಕಡ 20 ಅಥವಾ ಹೆಚ್ಚಾದರೆ ಅದನ್ನು 'ಬ್ಲಾಸ್ಟ್ ಹಂತ' ಎನ್ನುತ್ತಾರೆ. ಕೆಲವು ತಜ್ಞರು ಶೇಕಡ 30 ಎಂಬ ಗಡಿಯನ್ನು ಇಟ್ಟುಕೊಂಡಿದ್ದಾರೆ. ನಡುವಿನ 'ವೇಗದ ಹಂತ'ವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರ ವರ್ಗೀಕರಣದಲ್ಲಿ ಕೈಬಿಟ್ಟಿತು. ಅದೇ ವರ್ಷದ ಇನ್ನೊಂದು ಅಂತರರಾಷ್ಟ್ರೀಯ ವರ್ಗೀಕರಣ ಅದನ್ನು ಉಳಿಸಿಕೊಂಡಿತು.

ಕಾರಣದ ಸುಳಿವು ಸಿಕ್ಕಿದ್ದು 1960ರಲ್ಲಿ. ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಫಿಲಡೆಲ್ಫಿಯಾದಲ್ಲಿ ಒಂದು ಮೊಟಕಾದ ವರ್ಣತಂತುವನ್ನು ಕಂಡರು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ, 9 ಮತ್ತು 22ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು ತೋರಿಸಿದರು. ಈ ತಿಳಿವಳಿಕೆಯಿಂದಲೇ ಇಮ್ಯಾಟಿನಿಬ್ ಮಾತ್ರೆ ಬಂತು. 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ರೋಗ ಮುಂದಿನ ಹಂತಕ್ಕೆ ಹೋಗುವುದು ಅಲ್ಲಿಂದ ಬಹಳ ಕಡಿಮೆಯಾಯಿತು.

ಆದರೂ ಬ್ಲಾಸ್ಟ್ ಹಂತ ತಲುಪಿದವರ ಚಿಕಿತ್ಸೆ ಇಂದಿಗೂ ಕಠಿಣ. ಬಿಡದ ಜ್ವರ, ಮೂಳೆನೋವು, ತೂಕ ಇಳಿಯುವುದು, ರಕ್ತಸ್ರಾವ, ಎಡ ಪಕ್ಕೆಯ ಕೆಳಗೆ ಗುಲ್ಮ ಮತ್ತೆ ಊದುವುದು ಇದರ ಸೂಚನೆಗಳು. ಆಗ ಮೂಳೆಮಜ್ಜೆ ಮತ್ತು ವರ್ಣತಂತು ಪರೀಕ್ಷೆ ಮಾಡುತ್ತಾರೆ. ಬ್ಲಾಸ್ಟ್‌ಗಳು ಮೈಲಾಯ್ಡ್ ಬಗೆಯವೋ ಲಿಂಫಾಯ್ಡ್ ಬಗೆಯವೋ ಎಂಬುದನ್ನೂ ನೋಡುತ್ತಾರೆ, ಏಕೆಂದರೆ ಔಷಧ ಅದರ ಮೇಲೆ ನಿಂತಿದೆ.

ಓದುಗರೇ, ನಿಮ್ಮ ಪರಿಚಯದಲ್ಲಿ ಈ ರೋಗಿಗಳಿದ್ದರೆ ಒಂದು ಮಾತು ಹೇಳಿ: 'ಈಗ ಚೆನ್ನಾಗಿದ್ದೇನೆ' ಎಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ನೂರೈವತ್ತು ವರ್ಷಗಳ ಶ್ರಮದಿಂದ ದೊರೆತ ಔಷಧ ಫಲ ಕೊಡುವುದು ಅದನ್ನು ತಪ್ಪದೆ ತೆಗೆದುಕೊಂಡಾಗ ಮಾತ್ರ.