ಪೂರ್ಣಯ್ಯನವರ ಸ್ಥೈರ್ಯ

ಕ್ರಿ.ಶ. 1782ನೆಯ ಇಸವಿ ಡಿಸೆಂಬರು 7ನೆಯ ತಾರೀಖು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರಾಲಿಯು ಬೆನ್ನುಫಣಿಯಿಂದ ತೀರಿಕೊಂಡನು. ಇಂಗ್ಲಿಷರೊಡನೆ ಯುದ್ಧವಿನ್ನೂ ಮುಗಿದಿರಲಿಲ್ಲ; ಹಿರಿಯ ಮಗನಾದ ಟೀಪುವು ದೂರದ ಮಲೆಯಾಳ ಸೀಮೆಯಲ್ಲಿ ಪೊನ್ನಾನಿಯ ಬಳಿಯಿದ್ದನು. ದೊರೆಯಳಿದ ಸೈನ್ಯವು ಒಂದೇ ರಾತ್ರಿಯಲ್ಲಿ ಚದರಿಹೋಗುವುದು ಆ ಕಾಲಕ್ಕೆ ಅಪೂರ್ವವೇನೂ ಅಲ್ಲ.

ಆಗ ಭಾರವನ್ನು ಹೊತ್ತವರು ಪೂರ್ಣಯ್ಯನವರು ಮತ್ತು ಕೃಷ್ಣರಾಯರು. ಇಬ್ಬರೂ ಲೇಖಣಿಯಿಂದ ಮೇಲೆ ಬಂದವರು. ಶವವನ್ನು ಸುಗಂಧದ್ರವ್ಯಗಳೊಡನೆ ಪೆಟ್ಟಿಗೆಯಲ್ಲಿರಿಸಿ, ಬೊಕ್ಕಸದ ಹಣವನ್ನು ಸಾಗಿಸುವ ರೀತಿಯಲ್ಲಿ ಕಾವಲಿಟ್ಟು ಕೋಲಾರಕ್ಕೆ ಕಳುಹಿಸಿದರು. ನವಾಬನು ಹಾಸಿಗೆ ಹಿಡಿದಿರುವನೆಂಬಂತೆಯೇ ಡೇರೆಯ ನಿತ್ಯವ್ಯವಹಾರಗಳು ನಡೆದುವು. ಹೈದರನ ಸಂಬಂಧಿಯಾದ ಮಹಮ್ಮದ್ ಅಮೀನನು ಟೀಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸಲು ಸಂಚು ಹೂಡಿದನು. ಅದು ಹೊರಬಿದ್ದೊಡನೆ ಸಂಚುಗಾರರು ಸೆರೆಯಾದರು.

ಇದೆಲ್ಲವೂ ಬರಿಯ ಕಪಟವೆಂಬವರುಂಟು. ಆದರೆ ಸಾವಿರಾರು ಜನರ ಪಾಳೆಯದಲ್ಲಿ ಅಂತಹ ಗುಟ್ಟು ಎಷ್ಟು ದಿನ ನಿಂತೀತು? ಪಿಸುಮಾತು ಹಬ್ಬಿಯೇ ಇರಬೇಕು. ಹಾಗಿದ್ದೂ ದಂಡು ಒಡೆಯಲಿಲ್ಲ. ಲೆಕ್ಕಪತ್ರಗಳಲ್ಲಿ ವರ್ಷಗಟ್ಟಲೆ ಪೂರ್ಣಯ್ಯನವರ ಮಾತನ್ನು ನಂಬಿ ಬಾಳಿದ್ದ ಸರದಾರರು ಆ ದಿನಗಳಲ್ಲಿಯೂ ಅವರ ಮುಖವನ್ನೇ ನೋಡಿರಬೇಕು. ಅಲ್ಲಿ ಗಾಬರಿಯು ಕಂಡಿದ್ದರೆ ಪೆಟ್ಟಿಗೆಯ ಉಪಾಯವು ಒಂದು ಹಗಲೂ ಉಳಿಯುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಟೀಪುವು ಸೂರ್ಯಾಸ್ತವಾದ ಬಳಿಕ ಪಾಳೆಯವನ್ನು ಸೇರಿದನು. ಆಡಂಬರವೊಂದನ್ನೂ ಒಪ್ಪದೆ, ಸಾದಾ ಜಮಖಾನದ ಮೇಲೆ ಕುಳಿತು ಸರದಾರರನ್ನು ಬರಮಾಡಿಕೊಂಡನು. ತಂದೆಯ ಸೈನ್ಯವು ಅವನಿಗಾಗಿ ಕಾದಿದ್ದಿತು.